ಪ್ರಮಾಣಾನುಗುಣ ಪ್ರಾತಿನಿಧ್ಯವೂ ನೆಲೆ ತಪ್ಪಿದವರೂ: ಶ್ಲೇಸ್ವಿಗ್-ಹೋಲ್‌ಸ್ಟೈನಿನ ೧೯೫೦ರ ಚುನಾವಣೆಯ ವಿಮರ್ಶೆ

೧

ಚುನಾವಣೆಯಲ್ಲಿ ಒಂದು ಪಕ್ಷಕ್ಕೆ ಬಿದ್ದ ಮತಗಳ ಪಾಲು ಎಷ್ಟೋ ಶಾಸನಸಭೆಯ ಸ್ಥಾನಗಳಲ್ಲಿಯೂ ಅದಕ್ಕೆ ಅಷ್ಟೇ ಪಾಲು ಸಲ್ಲಬೇಕೆಂಬುದು ಪ್ರಮಾಣಾನುಗುಣ ಪ್ರಾತಿನಿಧ್ಯದ ತತ್ತ್ವ. ಈ ಪದ್ಧತಿಯನ್ನು ಕುರಿತು ಎರಡು ಅಭಿಪ್ರಾಯಗಳು ಬಹುಕಾಲದಿಂದ ಪ್ರಚಾರದಲ್ಲಿವೆ. ಮೆಚ್ಚುವವರು, ಜನತೆಯ ಮನಸ್ಸನ್ನು ಕನ್ನಡಿಯಂತೆ ತೋರಿಸುವ ಪದ್ಧತಿ ಇದೊಂದೇ ಎನ್ನುತ್ತಾರೆ. ಮೆಚ್ಚದವರು, ಇದು ಸಣ್ಣಪುಟ್ಟ ಪಕ್ಷಗಳನ್ನು ಹುಟ್ಟಿಸಿ, ಒಡಕನ್ನು ಬೆಳೆಸಿ, ಯಾವ ಸರಕಾರವನ್ನೂ ನಿಲ್ಲಗೊಡದೆಂದು ಆಕ್ಷೇಪಿಸುತ್ತಾರೆ. ಎರಡು ಮಾತುಗಳಿಗೂ ಯುರೋಪಿನ ಚರಿತ್ರೆಯಿಂದ ಬೇಕಾದಷ್ಟು ನಿದರ್ಶನಗಳನ್ನು ಎತ್ತಿ ಕೊಡಬಹುದು. ಆದರೆ ಈ ಎರಡು ಪಂಗಡದವರೂ ಒಂದು ಪ್ರಶ್ನೆಯನ್ನು ಕೇಳದೆಯೇ ಮುಂದೆ ಹೋಗುತ್ತಾರೆ: ಎಣಿಸಬೇಕಾದ ಗುಂಪುಗಳು ಯಾವುವು? ಒಂದು ಗುಂಪಿನ ಜನರನ್ನು ಒಂದುಗೂಡಿಸಿದ್ದು ಅವರ ಕಷ್ಟವೋ, ಕಸುಬೋ, ಮತವೋ, ನುಡಿಯೋ? ನೂರರಲ್ಲಿ ಇಷ್ಟು ಎಂಬ ಲೆಕ್ಕಕ್ಕೆ ಈ ಭೇದ ತಿಳಿಯದು. ಕಾಲಕ್ಕೆ ಮಾತ್ರ ತಿಳಿಯುತ್ತದೆ.

ಈ ಪ್ರಶ್ನೆ ಹೊರನಾಡಿನಲ್ಲಿ ನೆಲಸಿದ ನಮ್ಮಂಥವರಿಗೆ ಬರಿಯ ಶಾಸ್ತ್ರಚರ್ಚೆಯಲ್ಲ. ನಮ್ಮ ಸಂಘಸಂಸ್ಥೆಗಳ ಸಭೆಗಳಲ್ಲಿ, ವಿಶೇಷವಾಗಿ ಚುನಾವಣೆಯ ವರ್ಷಗಳಲ್ಲಿ, ಒಂದು ಮಾತು ತಪ್ಪದೆ ಕೇಳಿಬರುತ್ತದೆ: ಈ ನಗರದಲ್ಲಿ ನಾವು ಇಷ್ಟು ಲಕ್ಷ ಜನರಿದ್ದೇವೆ; ಆದರೆ ಎಲ್ಲ ಕ್ಷೇತ್ರಗಳಲ್ಲಿಯೂ ಹರಡಿಕೊಂಡಿರುವುದರಿಂದ ಎಲ್ಲಿಯೂ ಲೆಕ್ಕಕ್ಕೆ ಬಾರದವರಾಗಿದ್ದೇವೆ; ಸಂಖ್ಯೆಗೆ ತಕ್ಕ ಪ್ರಾತಿನಿಧ್ಯ ದೊರೆತಿದ್ದರೆ ನಮ್ಮ ನುಡಿಗೂ ಮನ್ನಣೆ ದೊರೆಯುತ್ತಿತ್ತು. ಈ ಹಂಬಲ ಸಹಜವಾದುದು. ಅದು ಎಷ್ಟರಮಟ್ಟಿಗೆ ವಿವೇಕದ್ದು ಎಂಬುದನ್ನು ಪರೀಕ್ಷಿಸಲು, ಅಂಥ ಹಂಬಲ ಈಡೇರಿದ ಒಂದು ನಾಡಿನ ಕಥೆಯನ್ನು ನೋಡುವುದು ಒಳ್ಳೆಯದು. ಎರಡನೆಯ ಮಹಾಯುದ್ಧದ ತರುವಾಯ ಪಶ್ಚಿಮ ಜರ್ಮನಿಯ ಶ್ಲೇಸ್ವಿಗ್-ಹೋಲ್‌ಸ್ಟೈನ್ ರಾಜ್ಯದಲ್ಲಿ ೧೯೫೦ರ ಜುಲೈ ೯ರಂದು ನಡೆದ ಶಾಸನಸಭಾ ಚುನಾವಣೆಯನ್ನು ನಾನು ಈ ದೃಷ್ಟಿಯಿಂದ ಆರಿಸಿಕೊಂಡಿದ್ದೇನೆ. ನೆಲೆ ತಪ್ಪಿ ಬಂದವರು ತಮ್ಮದೇ ಪಕ್ಷವನ್ನು ಕಟ್ಟಿ ಗೆದ್ದ ಚುನಾವಣೆ ಅದು. ಅದೇ ಸಭೆಯಲ್ಲಿ ನುಡಿಯನ್ನು ನೆಚ್ಚಿ ನಿಂತ ಇನ್ನೊಂದು ಸಣ್ಣ ಗುಂಪೂ ಇತ್ತು. ಇವೆರಡರ ಮುಂದಿನ ಗತಿಯನ್ನು ಹೋಲಿಸಿ ನೋಡುವುದೇ ಈ ಲೇಖನದ ಉದ್ದೇಶ.

೨

ಶ್ಲೇಸ್ವಿಗ್-ಹೋಲ್‌ಸ್ಟೈನ್ ಜರ್ಮನಿಯ ಉತ್ತರದ ತುದಿ. ಪಡುವಣಕ್ಕೆ ಉತ್ತರ ಸಮುದ್ರ, ಮೂಡಣಕ್ಕೆ ಬಾಲ್ಟಿಕ್ ಸಮುದ್ರ, ಬಡಗಣಕ್ಕೆ ಡೆನ್ಮಾರ್ಕ್. ೧೮೬೪ರ ಯುದ್ಧದಲ್ಲಿ ಡೆನ್ಮಾರ್ಕಿನ ಕೈತಪ್ಪಿದ ಈ ಸೀಮೆ ಪ್ರಶ್ಯದ ಪ್ರಾಂತವಾಯಿತು. ೧೯೨೦ರಲ್ಲಿ ಜನಮತಗಣನೆ ನಡೆದು ಶ್ಲೇಸ್ವಿಗ್ಗಿನ ಉತ್ತರಭಾಗ ಡೆನ್ಮಾರ್ಕಿಗೆ ಮರಳಿತು. ದಕ್ಷಿಣಭಾಗ ಜರ್ಮನಿಯಲ್ಲಿಯೇ ಉಳಿಯಿತು. ಗಡಿಯನ್ನು ಎಲ್ಲಿ ಎಳೆದರೂ ಆಚೆ ಕೆಲವರು, ಈಚೆ ಕೆಲವರು ಉಳಿದೇ ಉಳಿಯುತ್ತಾರೆ. ಹೀಗೆ ಗಡಿಯ ದಕ್ಷಿಣಕ್ಕೆ ಡೇನಿಷ್ ನುಡಿಯವರ ಒಂದು ಗುಂಪೂ ಉತ್ತರಕ್ಕೆ ಜರ್ಮನ್ ನುಡಿಯವರ ಒಂದು ಗುಂಪೂ ನಿಂತವು. ಕಾಸರಗೋಡು, ಸೊಲ್ಲಾಪುರ, ಅಕ್ಕಲಕೋಟೆಗಳ ಕಥೆಯನ್ನು ಬಲ್ಲ ಕನ್ನಡಿಗರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ.

ಯುದ್ಧದ ಕೊನೆಯಲ್ಲಿ ಈ ನಾಡಿನ ರೂಪವೇ ಬದಲಾಯಿತು. ೧೯೪೫ರಲ್ಲಿ ಪೂರ್ವ ಪ್ರಶ್ಯ, ಪೊಮೆರೇನಿಯ ಮೊದಲಾದ ಮೂಡಣ ಸೀಮೆಗಳಿಂದ ಜರ್ಮನರು ಲಕ್ಷಲಕ್ಷವಾಗಿ ಪಡುವಣಕ್ಕೆ ಓಡಿಬಂದರು. ಅನೇಕರು ಹಡಗುಗಳಲ್ಲಿ ಬಾಲ್ಟಿಕ್ ಸಮುದ್ರವನ್ನು ದಾಟಿ ಬಂದರು. ಉಳಿದವರನ್ನು ಆಮೇಲೆ ಹೊರಹಾಕಲಾಯಿತು. ೧೯೩೯ರಲ್ಲಿ ಸುಮಾರು ೧೬ ಲಕ್ಷವಿದ್ದ ಶ್ಲೇಸ್ವಿಗ್-ಹೋಲ್‌ಸ್ಟೈನಿನ ಜನಸಂಖ್ಯೆ ೧೯೪೯ರ ವೇಳೆಗೆ ಸುಮಾರು ೨೭ ಲಕ್ಷಕ್ಕೇರಿತು. ಬೇಸಾಯವೇ ಮುಖ್ಯವಾಗಿದ್ದ ಬಡ ನಾಡು ಅದು. ಬಂದವರಿಗೆ ಕೆಲಸವಿರಲಿಲ್ಲ, ಮನೆಗಳಿರಲಿಲ್ಲ. ಅವರು ಹಲಗೆಯ ಶಿಬಿರಗಳಲ್ಲಿಯೂ, ಅಧಿಕಾರಿಗಳು ಬಲವಂತದಿಂದ ಬಿಡಿಸಿಕೊಟ್ಟ ರೈತರ ಮನೆಯ ಕೋಣೆಗಳಲ್ಲಿಯೂ ವಾಸಿಸಿದರು. ಒಂದೇ ಒಲೆಯಲ್ಲಿ ಎರಡು ಸಂಸಾರಗಳು ಬೇಯಿಸಿಕೊಳ್ಳಬೇಕಾದಾಗ ಯಾವ ದೇಶದಲ್ಲಿಯಾದರೂ ಏನಾಗುವುದೋ ಅಲ್ಲಿಯೂ ಅದೇ ಆಯಿತು. ಬಂದವರೂ ಇದ್ದವರೂ ಜರ್ಮನರೇ. ಆದರೂ ಮಾತಿನ ಧಾಟಿ ಬೇರೆ, ಊಟದ ಕ್ರಮ ಬೇರೆ. ಒಂದೇ ಜನಾಂಗದವರಾದ ಮಾತ್ರಕ್ಕೆ ಅತಿಥಿ ಹೊರೆಯೆನಿಸದಿರುವನೆಂಬ ನಿಯಮವಿಲ್ಲ.

ಈ ಬಿಕ್ಕಟ್ಟಿನ ಇನ್ನೊಂದು ಮುಖವನ್ನು ಗಮನಿಸಬೇಕು. ನಿರ್ವಾಸಿತರ ಬರವನ್ನು ಕಂಡು ಹೆಚ್ಚು ಹೆದರಿದವರು ಡೇನಿಷ್ ಪಂಗಡದವರು. ಈ ಜನಪ್ರವಾಹದಲ್ಲಿ ಶ್ಲೇಸ್ವಿಗ್ಗಿನ ಹಳೆಯ ಬಣ್ಣವೇ ಅಳಿಸಿಹೋಗುವುದೆಂದು ಭಾವಿಸಿ, ಇವರನ್ನು ಬೇರೆಡೆಗೆ ಸಾಗಿಸಬೇಕೆಂದು ಅವರು ಒತ್ತಾಯಿಸಿದರು. ಹೀಗೆ ಒಂದು ಅಲ್ಪಸಂಖ್ಯಾತ ಗುಂಪು ಇನ್ನೊಂದಕ್ಕೆ ಎದುರಾಳಿಯಾಯಿತು. ದುರ್ಬಲರೆಲ್ಲರೂ ತಾವಾಗಿಯೇ ಒಂದುಗೂಡುವರೆಂಬ ನಂಬಿಕೆಗೆ ಇಲ್ಲಿ ಆಧಾರ ಸಿಗುವುದಿಲ್ಲ.

೩

ಬ್ರಿಟಿಷ್ ಸೇನಾಡಳಿತವು ೧೯೪೬ರಲ್ಲಿ ಈ ಪ್ರಾಂತವನ್ನು ರಾಜ್ಯವನ್ನಾಗಿ ಮಾಡಿತು. ಮೊದಲ ಚುನಾವಣೆ ನಡೆದದ್ದು ೧೯೪೭ರ ಏಪ್ರಿಲ್ ೨೦ರಂದು. ಆಗ ಪಕ್ಷ ಕಟ್ಟಲು ಸೇನಾಡಳಿತದ ಪರವಾನಗಿ ಬೇಕಾಗಿತ್ತು; ನಿರ್ವಾಸಿತರ ಪ್ರತ್ಯೇಕ ಪಕ್ಷಕ್ಕೆ ಪರವಾನಗಿ ದೊರೆಯುವಂತಿರಲಿಲ್ಲ. ಹಾಗಾಗಿ ಅವರ ಮತಗಳು ಬೇರೆ ಪಕ್ಷಗಳಿಗೆ ಹೋದವು. ಸೋಷಿಯಲ್ ಡೆಮೊಕ್ರಾಟರು ಶೇಕಡ ೪೩.೮ ಮತಗಳನ್ನು ಪಡೆದು ೭೦ರಲ್ಲಿ ೪೩ ಸ್ಥಾನಗಳನ್ನು ಗೆದ್ದರು. ಕ್ರಿಶ್ಚಿಯನ್ ಡೆಮೊಕ್ರಾಟರಿಗೆ ಶೇಕಡ ೩೪ ಮತಗಳೂ ೨೧ ಸ್ಥಾನಗಳೂ ದೊರೆತವು. ಡೇನಿಷ್ ಪಂಗಡ ಶೇಕಡ ೯.೩ ಮತಗಳಿಂದ ೬ ಸ್ಥಾನಗಳನ್ನು ಪಡೆಯಿತು. ಶೇಕಡ ಐದರ ಆಸುಪಾಸಿನಲ್ಲಿದ್ದ ಫ್ರೀ ಡೆಮೊಕ್ರಾಟರಿಗೂ ಕಮ್ಯುನಿಸ್ಟರಿಗೂ ಒಂದು ಸ್ಥಾನವೂ ಸಿಗಲಿಲ್ಲ.

ಈ ಅಂಕಿಗಳನ್ನು ನೋಡಿದವರು ಸಹಜವಾಗಿಯೇ ಕೇಳುವರು: ನೂರಕ್ಕೆ ನಲವತ್ತನಾಲ್ಕು ಮತಗಳಿಗೆ ನೂರಕ್ಕೆ ಅರವತ್ತೊಂದು ಸ್ಥಾನಗಳು ಬರುವುದಾದರೆ ಅದು ಎಂಥ ಪ್ರಮಾಣಾನುಗುಣತೆ? ಉತ್ತರವು ನಿಯಮದ ರಚನೆಯಲ್ಲಿದೆ. ಈ ರಾಜ್ಯದ ಪದ್ಧತಿ ಮಿಶ್ರಪದ್ಧತಿ. ಹೆಚ್ಚಿನ ಸ್ಥಾನಗಳನ್ನು ಕ್ಷೇತ್ರಗಳಲ್ಲಿ, ನಮ್ಮಲ್ಲಿರುವಂತೆಯೇ, ಅತಿ ಹೆಚ್ಚು ಮತ ಪಡೆದವನಿಗೆ ಕೊಡುತ್ತಿದ್ದರು. ಉಳಿದವನ್ನು ಪಕ್ಷಗಳ ಪಟ್ಟಿಗಳಿಂದ ತುಂಬಿ, ಆದ ಅಸಮತೆಯನ್ನು ಸರಿದೂಗಿಸುತ್ತಿದ್ದರು. ಪಟ್ಟಿಯ ಸ್ಥಾನಗಳು ಸಾಕಷ್ಟಿಲ್ಲದಿದ್ದರೆ ತಕ್ಕಡಿ ಸಮವಾಗದು. ಪ್ರಮಾಣಾನುಗುಣವೆಂಬ ಹೆಸರನ್ನು ಹೊತ್ತ ಪದ್ಧತಿಗಳೆಲ್ಲವೂ ಒಂದೇ ಅಳತೆಯವಲ್ಲವೆಂಬುದನ್ನು ಇದರಿಂದ ತಿಳಿಯಬೇಕು.

ಪರವಾನಗಿಯ ಕಟ್ಟು ಸಡಿಲಿದೊಡನೆ, ೧೯೫೦ರ ಜನವರಿ ೮ರಂದು, ಕೀಲ್ ನಗರದಲ್ಲಿ ವಾಲ್ಡೆಮಾರ್ ಕ್ರಾಫ್ಟನ ನೇತೃತ್ವದಲ್ಲಿ ಒಂದು ಪಕ್ಷ ಹುಟ್ಟಿತು. ಅದರ ಹೆಸರನ್ನು ಕನ್ನಡದಲ್ಲಿ 'ತಾಯ್ನೆಲದಿಂದ ಹೊರದೂಡಲ್ಪಟ್ಟವರ ಮತ್ತು ಹಕ್ಕು ಕಳೆದುಕೊಂಡವರ ಒಕ್ಕೂಟ' ಎನ್ನಬಹುದು. ಆರು ತಿಂಗಳ ಕೂಸಾಗಿದ್ದ ಈ ಪಕ್ಷ ಜುಲೈ ಚುನಾವಣೆಯಲ್ಲಿ ಮೂರು ಲಕ್ಷಕ್ಕೂ ಮಿಕ್ಕ ಮತಗಳನ್ನು, ಎಂದರೆ ಶೇಕಡ ೨೩.೪ನ್ನು, ಪಡೆದು ೬೯ರಲ್ಲಿ ೧೫ ಸ್ಥಾನಗಳನ್ನು ಗಳಿಸಿತು. ಸೋಷಿಯಲ್ ಡೆಮೊಕ್ರಾಟರು ಶೇಕಡ ೨೭.೫ಕ್ಕೆ ಇಳಿದು ೧೯ ಸ್ಥಾನಗಳಿಗೆ ತೃಪ್ತರಾಗಬೇಕಾಯಿತು. ಕ್ರಿಶ್ಚಿಯನ್ ಡೆಮೊಕ್ರಾಟರು, ಫ್ರೀ ಡೆಮೊಕ್ರಾಟರು, ಜರ್ಮನ್ ಪಕ್ಷದವರು ಕ್ಷೇತ್ರಗಳನ್ನು ತಮ್ಮೊಳಗೆ ಹಂಚಿಕೊಂಡು ಒಂದೇ ಕೂಟವಾಗಿ ನಿಂತಿದ್ದರು; ಅವರಿಗೆ ಒಟ್ಟು ಶೇಕಡ ೩೬.೫ ಮತಗಳೂ ೩೧ ಸ್ಥಾನಗಳೂ ಬಂದವು. ಡೇನಿಷ್ ಪಂಗಡದ ದಕ್ಷಿಣ ಶ್ಲೇಸ್ವಿಗ್ ಮತದಾರರ ಸಂಘ ಶೇಕಡ ೫.೫ ಮತಗಳಿಂದ ೪ ಸ್ಥಾನಗಳನ್ನು ಪಡೆಯಿತು. ಕೂಟದವರೂ ನಿರ್ವಾಸಿತರ ಪಕ್ಷದವರೂ ಸೇರಿ ಸರಕಾರವನ್ನು ರಚಿಸಿದರು. ಕ್ರಿಶ್ಚಿಯನ್ ಡೆಮೊಕ್ರಾಟರ ವಾಲ್ಟರ್ ಬಾರ್ಟ್ರಾಮ್ ಮುಖ್ಯಮಂತ್ರಿಯಾದನು. ಕ್ರಾಫ್ಟನು ಅರ್ಥಮಂತ್ರಿಯೂ ಉಪಮುಖ್ಯಮಂತ್ರಿಯೂ ಆದನು.

೪

ಈ ಫಲಿತಾಂಶವನ್ನು ಪದ್ಧತಿಯ ವಿಜಯವೆಂದು ಹೊಗಳಿದವರುಂಟು. ಐದು ವರ್ಷಗಳ ಹಿಂದೆ ಗಂಟುಮೂಟೆಯೊಡನೆ ದಡದಲ್ಲಿ ಇಳಿದವರು ಈಗ ಖಜಾನೆಯ ಬೀಗದಕೈಯನ್ನು ಹಿಡಿದರು. ಇದಕ್ಕಿಂತ ನ್ಯಾಯವುಂಟೆ ಎಂಬುದು ಅವರ ವಾದ. ಇದರಲ್ಲಿ ಸತ್ಯಾಂಶವಿಲ್ಲದಿಲ್ಲ. ಒಂದೊಂದು ಹಳ್ಳಿಯಲ್ಲಿಯೂ ಹರಡಿದ್ದ ಈ ಜನರು ಬರಿಯ ಕ್ಷೇತ್ರಪದ್ಧತಿಯಲ್ಲಿ ಇಷ್ಟು ಸ್ಥಾನಗಳನ್ನು ಗೆಲ್ಲುವುದು ಕಷ್ಟವಾಗಿತ್ತು. ಆದರೂ ವಿಮರ್ಶಕನು ಎರಡು ಸಂಗತಿಗಳನ್ನು ಒತ್ತಿ ಹೇಳಬೇಕಾಗುತ್ತದೆ.

ಮೊದಲನೆಯದಾಗಿ, ನಿರ್ವಾಸಿತರು ಆಗ ರಾಜ್ಯದ ಜನಸಂಖ್ಯೆಯಲ್ಲಿ ಹೆಚ್ಚುಕಡಿಮೆ ಮೂರರಲ್ಲೊಂದು ಪಾಲಾಗಿದ್ದರು. ಅವರ ಪಕ್ಷಕ್ಕೆ ಬಿದ್ದದ್ದು ನಾಲ್ಕರಲ್ಲೊಂದು ಪಾಲಿಗಿಂತಲೂ ಕಡಿಮೆ. ಗಾಯ ಹಸಿಯಾಗಿದ್ದ ಆ ಹೊತ್ತಿನಲ್ಲಿಯೂ, ಪಕ್ಷದ ಉತ್ಸಾಹ ತುತ್ತತುದಿಯಲ್ಲಿದ್ದಾಗಲೂ, ನಿರ್ವಾಸಿತರೆಲ್ಲರೂ ನಿರ್ವಾಸಿತರಾಗಿಯೇ ಮತ ಹಾಕಲಿಲ್ಲ. ಕೆಲವರು ಕೂಲಿಕಾರರಾಗಿ, ಕೆಲವರು ಕ್ರೈಸ್ತ ಮತಸ್ಥರಾಗಿ, ಕೆಲವರು ಹಳೆಯ ಪಕ್ಷನಿಷ್ಠೆಯಿಂದ ಬೇರೆ ಕಡೆ ಹೋದರೆಂದು ತರ್ಕಿಸಬಹುದು. ಒಬ್ಬ ಮನುಷ್ಯನಲ್ಲಿ ಹಲವು ಗುರುತುಗಳಿರುತ್ತವೆ. ಮತಪತ್ರ ಒಂದನ್ನೇ ಕೇಳುತ್ತದೆ.

ಎರಡನೆಯದಾಗಿ, ಪಕ್ಷದ ಹೆಸರಿನ ಎರಡನೆಯ ಪದವನ್ನು ಓದದೆ ಬಿಡಬಾರದು. 'ಹಕ್ಕು ಕಳೆದುಕೊಂಡವರು' ಎಂದರೆ ಯಾರು? ಯುದ್ಧದಲ್ಲಿ ಮನೆ ಸುಟ್ಟುಹೋದವರು, ನಾಣ್ಯ ಬದಲಾದಾಗ ಉಳಿತಾಯ ಕಳೆದುಕೊಂಡವರು ಅದರಲ್ಲಿ ಸೇರಿದ್ದರು. ಜೊತೆಗೆ, ನಾತ್ಸಿ ಪಕ್ಷದ ಸಂಬಂಧದಿಂದಾಗಿ ವಿಚಾರಣೆಗೊಳಗಾಗಿ ನೌಕರಿಯನ್ನೂ ಅಧಿಕಾರವನ್ನೂ ಕಳೆದುಕೊಂಡವರೂ ಸೇರಿದ್ದರು. ಕ್ರಾಫ್ಟನೇ ನಾತ್ಸಿಗಳ ಎಸ್.ಎಸ್. ದಳದಲ್ಲಿ ಗೌರವಪದವಿಯನ್ನು ಹೊಂದಿದ್ದವನು. ಹೊಸ ಮಂತ್ರಿಮಂಡಲದ ಬಹುಪಾಲು ಸದಸ್ಯರು ಹಿಂದೆ ಆ ಪಕ್ಷದ ಸದಸ್ಯರಾಗಿದ್ದವರು. ೧೯೫೧ರಲ್ಲಿ ಅದೇ ಶಾಸನಸಭೆ ನಾತ್ಸಿನಿವಾರಣೆಯ ವಿಚಾರಣೆಗಳನ್ನು ಮುಗಿಸುವ ಕಾನೂನನ್ನು ಅಂಗೀಕರಿಸಿತು. ಮನೆ ಕಳೆದುಕೊಂಡ ವಿಧವೆಯ ಕಣ್ಣೀರೂ ಪದವಿ ಕಳೆದುಕೊಂಡ ಅಧಿಕಾರಿಯ ಅಸಮಾಧಾನವೂ ಒಂದೇ ಹೆಸರಿನ ಕೆಳಗೆ ಒಂದೇ ಪೆಟ್ಟಿಗೆಗೆ ಬಿದ್ದವು, ಶೇಕಡ ೨೩.೪ ಎಂಬ ಅಂಕಿ ಇವೆರಡನ್ನೂ ಬೇರ್ಪಡಿಸಿ ತೋರಿಸಲಾರದು. ಕನ್ನಡಿಯ ಉಪಮಾನ ಇಲ್ಲಿಗೆ ನಿಲ್ಲುತ್ತದೆ. ನೊಂದವರ ಹೆಸರಿನಲ್ಲಿ ಕಟ್ಟಿದ ಪಕ್ಷದೊಳಗೆ, ನೋವನ್ನು ತಂದವರೂ ಬಂದು ಸೇರಿಕೊಳ್ಳಬಹುದು. ತತ್ತ್ವವನ್ನು ಬಿಟ್ಟು ಬರಿಯ ನಷ್ಟವನ್ನೇ ಸದಸ್ಯತ್ವದ ಗುರುತಾಗಿ ಮಾಡಿದರೆ ಅದನ್ನು ತಡೆಯುವ ಬಾಗಿಲು ಇರುವುದಿಲ್ಲ.

೫

ಈಗ ಡೇನಿಷ್ ಪಂಗಡದ ಕಡೆಗೆ ತಿರುಗೋಣ. ೧೯೪೭ರಲ್ಲಿ ಅವರಿಗೆ ಸುಮಾರು ಒಂದು ಲಕ್ಷ ಮತಗಳು ಬಿದ್ದಿದ್ದವು. ಸೋತು ಹಸಿದ ಜರ್ಮನಿಗಿಂತ ಡೆನ್ಮಾರ್ಕೇ ಮೇಲೆಂದು ಬಗೆದು ಆ ದಿನಗಳಲ್ಲಿ ಎಷ್ಟೋ ಮಂದಿ ಹೊಸದಾಗಿ ಡೇನರಾಗಿದ್ದರು. ಆಹಾರದ ಪೊಟ್ಟಣಕ್ಕಾಗಿ ಜಾತಿ ಬಿಟ್ಟವರೆಂದು ನೆರೆಯವರು ಅವರನ್ನು ಹಂಗಿಸಿದರು. ಹೊಟ್ಟೆ ತುಂಬುತ್ತ ಬಂದಂತೆ ಈ ಸಂಖ್ಯೆ ಇಳಿಯಿತು. ಎಂದರೆ ನುಡಿಯ ಗುಂಪಿನೊಳಗೂ ಕಷ್ಟದಿಂದ ಬಂದವರು ಕೆಲವರು, ನುಡಿಯಿಂದ ಇದ್ದವರು ಕೆಲವರು ಎಂಬ ಭೇದವಿತ್ತು. ಮೊದಲಿನವರು ಹೋದ ಮೇಲೆ ಉಳಿದವರ ಗಟ್ಟಿತನ ತಿಳಿಯಿತು.

ಪ್ರಮಾಣಾನುಗುಣ ಪದ್ಧತಿಯನ್ನು ಒಪ್ಪಿದ ನಾಡುಗಳು ಅದರ ಒಡಕಿಗೆ ಹೆದರಿ ಒಂದು ಕನಿಷ್ಠ ಮಿತಿಯನ್ನು ಇಡುವುದುಂಟು: ಇಷ್ಟು ಮತಗಳಿಗಿಂತ ಕಡಿಮೆ ಪಡೆದ ಪಕ್ಷಕ್ಕೆ ಪಟ್ಟಿಯ ಸ್ಥಾನವಿಲ್ಲ. ಇದನ್ನು ಶಾಸನಸಭೆಯ ಹೊಸ್ತಿಲೆಂದು ಕರೆಯೋಣ. ೧೯೫೦ರಲ್ಲಿ ಡೇನರು ಪಡೆದದ್ದು ಶೇಕಡ ೫.೫. ಮರುವರ್ಷವೇ ಕೀಲಿನ ಬಹುಮತದವರು ಹೊಸ್ತಿಲನ್ನು ಶೇಕಡ ೭.೫ಕ್ಕೆ ಏರಿಸಿದರು. ಯಾರನ್ನು ಹೊರಗಿಡಲು ಎಂಬುದನ್ನು ಹೇಳಬೇಕಾಗಿಲ್ಲ. ತಾವೇ ನಿನ್ನೆಯವರೆಗೆ ಬಾಗಿಲ ಹೊರಗೆ ನಿಂತಿದ್ದ ನಿರ್ವಾಸಿತರ ಪಕ್ಷದವರು ಆಗ ಆಳುವ ಕೂಟದಲ್ಲಿದ್ದರೆಂಬುದನ್ನು ಮರೆಯಲಾಗದು. ಡೇನರ ಸಂಘ ನ್ಯಾಯಾಲಯಕ್ಕೆ ಹೋಯಿತು. ಪಶ್ಚಿಮ ಜರ್ಮನಿಯ ಸಂವಿಧಾನ ನ್ಯಾಯಾಲಯವು ೧೯೫೨ರ ಏಪ್ರಿಲ್ ೫ರಂದು, ಶೇಕಡ ೭.೫ರ ಮಿತಿಯು ಮತದ ಸಮಾನತೆಗೆ ವಿರುದ್ಧವಾದುದೆಂದು ತೀರ್ಪಿತ್ತಿತು. ವಿಶೇಷ ಕಾರಣವಿಲ್ಲದೆ ಶೇಕಡ ಐದನ್ನು ಮೀರಬಾರದೆಂಬ ಮೇಲ್ಪಂಕ್ತಿ ಅಂದಿನಿಂದ ನಿಂತಿತು.

ತೀರ್ಪು ಬಂದರೂ ಸ್ಥಾನ ಉಳಿಯಲಿಲ್ಲ. ೧೯೫೪ರ ಸೆಪ್ಟೆಂಬರ್ ೧೨ರ ಚುನಾವಣೆಯಲ್ಲಿ ಡೇನರಿಗೆ ಸುಮಾರು ೪೨ ಸಾವಿರ ಮತಗಳು, ಶೇಕಡ ೩.೫, ಬಿದ್ದವು, ಸ್ಥಾನ ಒಂದೂ ಇಲ್ಲ. ಗಡಿಯಾಚೆ ಡೆನ್ಮಾರ್ಕಿನಲ್ಲಿಯಾದರೋ, ೧೯೫೩ರಲ್ಲಿ ಹತ್ತು ಸಾವಿರಕ್ಕೂ ಕಡಿಮೆ ಮತಗಳಿಂದ ಜರ್ಮನ್ ಅಲ್ಪಸಂಖ್ಯಾತರ ಪ್ರತಿನಿಧಿಯೊಬ್ಬನು ಅಲ್ಲಿನ ಸಂಸತ್ತನ್ನು ಸೇರಿದ್ದನು. ಈ ವೈಷಮ್ಯ ಕಣ್ಣಿಗೆ ಹೊಡೆಯುವಂತಿತ್ತು. ಪಶ್ಚಿಮ ಜರ್ಮನಿಯನ್ನು ನ್ಯಾಟೋ ಕೂಟಕ್ಕೆ ಸೇರಿಸಿಕೊಳ್ಳುವ ಮಾತುಕತೆ ಆಗಲೇ ನಡೆಯುತ್ತಿತ್ತು. ಡೆನ್ಮಾರ್ಕಿನ ಎಚ್. ಸಿ. ಹಾನ್ಸೆನ್ ಆ ಸಂದರ್ಭವನ್ನು ಉಪಯೋಗಿಸಿಕೊಂಡು ಈ ಪ್ರಶ್ನೆಯನ್ನು ಎತ್ತಿದನು. ೧೯೫೫ರ ಮಾರ್ಚ್ ೨೯ರಂದು ಬಾನ್-ಕೋಪನ್‌ಹೇಗನ್ ಘೋಷಣೆಗಳು ಹೊರಬಿದ್ದವು. ಯಾವನಾದರೂ ತಾನು ಡೇನಿಷ್ ಜನತೆಗೂ ಸಂಸ್ಕೃತಿಗೂ ಸೇರಿದವನೆಂದು ಹೇಳಿಕೊಂಡರೆ ಅದನ್ನು ಸರಕಾರ ಪ್ರಶ್ನಿಸುವಂತಿಲ್ಲ, ಪರೀಕ್ಷಿಸುವಂತಿಲ್ಲ ಎಂಬುದು ಅದರ ತಿರುಳು. ಅದೇ ವರ್ಷ ಡೇನರ ಸಂಘಕ್ಕೆ ಹೊಸ್ತಿಲಿನಿಂದ ವಿನಾಯಿತಿ ದೊರೆಯಿತು; ೧೯೫೮ರಲ್ಲಿ ಶೇಕಡ ೨.೮ ಮತಗಳಿಂದ ಅವರು ೨ ಸ್ಥಾನಗಳನ್ನು ಮರಳಿ ಪಡೆದರು.

ಇಲ್ಲಿ ನಡೆದದ್ದೇನು? ಶೇಕಡ ೭.೫ ಎಂಬುದು ಒಂದು ರಾಜಕೀಯ ನಿರ್ಣಯ, ಶೇಕಡ ೫ ಎಂಬುದು ಇನ್ನೊಂದು, ವಿನಾಯಿತಿ ಮೂರನೆಯದು. ಒಂದೇ ಗುಂಪಿನ ಜನ ನಾಲ್ಕಾರು ವರ್ಷಗಳಲ್ಲಿ ಒಮ್ಮೆ ಒಳಗೆ, ಒಮ್ಮೆ ಹೊರಗೆ, ಮತ್ತೊಮ್ಮೆ ಒಳಗೆ ಆದರು. ಪ್ರಮಾಣಾನುಗುಣ ಪ್ರಾತಿನಿಧ್ಯ ಗಣಿತದಷ್ಟು ನಿಷ್ಪಕ್ಷಪಾತವೆಂದು ವಾದಿಸುವವರು ಈ ಅಧ್ಯಾಯವನ್ನು ಓದಬೇಕು. ಭಾಗಾಕಾರ ನಿಷ್ಪಕ್ಷಪಾತವಾದುದೇ ಸರಿ; ಭಾಜ್ಯ ಯಾವುದು, ಭಾಜಕ ಯಾವುದೆಂದು ಗೊತ್ತುಮಾಡುವವರು ಬಹುಮತದವರೇ. ಕೊನೆಗೆ ಡೇನರನ್ನು ಕಾಪಾಡಿದ್ದು ಲೆಕ್ಕವಲ್ಲ. ನ್ಯಾಯಾಲಯದ ತೀರ್ಪೂ, ಗಡಿಯಾಚೆಯ ಬಂಧುರಾಷ್ಟ್ರದ ಒತ್ತಾಸೆಯೂ, ಎರಡು ಸರಕಾರಗಳ ಒಳ್ಳೆಯ ಬುದ್ಧಿಯೂ.

೬

ನಿರ್ವಾಸಿತರ ಪಕ್ಷದ ಮುಂದಿನ ಕಥೆ ಚಿಕ್ಕದು. ೧೯೫೩ರ ಪಶ್ಚಿಮ ಜರ್ಮನಿಯ ಸಂಸತ್ತಿನ ಚುನಾವಣೆಯಲ್ಲಿ ಅದಕ್ಕೆ ಶೇಕಡ ೫.೯ ಮತಗಳೂ ೨೭ ಸ್ಥಾನಗಳೂ ದೊರೆತು, ಕ್ರಾಫ್ಟನೂ ಥಿಯೊಡೋರ್ ಓಬರ್‌ಲೆಂಡರನೂ ಕೇಂದ್ರದಲ್ಲಿ ಮಂತ್ರಿಗಳಾದರು. ೧೯೫೫ರಲ್ಲಿ ಇಬ್ಬರೂ ಪಕ್ಷವನ್ನು ಬಿಟ್ಟರು. ಮರುವರ್ಷ ಕ್ರಿಶ್ಚಿಯನ್ ಡೆಮೊಕ್ರಾಟರನ್ನು ಸೇರಿದರು. ೧೯೫೭ರಲ್ಲಿ ಪಕ್ಷವು ಶೇಕಡ ೪.೬ಕ್ಕೆ ಇಳಿದು ಸಂಸತ್ತಿನಿಂದ ಹೊರಬಿದ್ದಿತು. ಹುಟ್ಟಿದ ನಾಡಾದ ಶ್ಲೇಸ್ವಿಗ್-ಹೋಲ್‌ಸ್ಟೈನಿನಲ್ಲಿಯೂ ೧೯೫೪ರಲ್ಲಿ ಶೇಕಡ ೧೪, ೧೯೫೮ರಲ್ಲಿ ಶೇಕಡ ೬.೯, ೧೯೬೨ರಲ್ಲಿ, ಬೇರೊಂದು ಪಕ್ಷದೊಡನೆ ಕೂಡಿ ಹೆಸರು ಬದಲಿಸಿಕೊಂಡ ಮೇಲೆ, ಶೇಕಡ ೪.೨. ಹನ್ನೆರಡು ವರ್ಷಗಳಲ್ಲಿ ಕಾಲುಪಾಲು ಮತಗಳಿಂದ ಶೂನ್ಯ ಸ್ಥಾನಕ್ಕೆ.

ಇದನ್ನು ಸೋಲೆನ್ನಬಹುದೆ? ನನ್ನ ಅಭಿಪ್ರಾಯದಲ್ಲಿ ಅರ್ಧ ಮಾತ್ರ. ಪಕ್ಷದ ಬೇಡಿಕೆಗಳು ಬಹುಮಟ್ಟಿಗೆ ಈಡೇರಿದ್ದರಿಂದಲೇ ಪಕ್ಷ ಬಡವಾಯಿತು. ೧೯೫೨ರ ಹೊರೆಹಂಚಿಕೆಯ ಕಾನೂನು, ೧೯೪೮ರ ಜೂನ್ ತಿಂಗಳಲ್ಲಿ ಇದ್ದ ಆಸ್ತಿಯ ಬೆಲೆಯ ಅರ್ಧಭಾಗವನ್ನು ಉಳ್ಳವರಿಂದ ಮೂವತ್ತು ವರ್ಷಗಳ ಕಂತುಗಳಲ್ಲಿ ವಸೂಲುಮಾಡಿ ಕಳೆದುಕೊಂಡವರಿಗೆ ಹಂಚುವ ಏರ್ಪಾಡನ್ನು ಮಾಡಿತು. ಲಕ್ಷಾಂತರ ಜನರನ್ನು ಶ್ಲೇಸ್ವಿಗ್-ಹೋಲ್‌ಸ್ಟೈನಿನಿಂದ ಕೈಗಾರಿಕೆಗಳಿದ್ದ ಬೇರೆ ರಾಜ್ಯಗಳಿಗೆ ಒಯ್ದು ನೆಲೆಗೊಳಿಸಿದರು. ಕಾರ್ಖಾನೆಗಳು ಕೆಲಸ ಕೊಟ್ಟವು. ೧೯೫೩ರ ಕಾನೂನು ನಿರ್ವಾಸಿತನೆಂಬ ಸ್ಥಾನವನ್ನು ಮಕ್ಕಳಿಗೂ ಇಳಿಸಿಕೊಟ್ಟಿತು. ಆದರೆ ಆ ಮಕ್ಕಳು ದೊಡ್ಡವರಾಗಿ ಆ ಹೆಸರಿನಲ್ಲಿ ಮತ ಹಾಕಲಿಲ್ಲ. ಸಣ್ಣ ಪಕ್ಷಗಳು ಹುಟ್ಟಿ ಎಂದೆಂದಿಗೂ ಒಡಕನ್ನು ಉಳಿಸುತ್ತವೆಂಬ ಆಕ್ಷೇಪಕ್ಕೆ ಇದೇ ಉತ್ತರ. ಪರಿಹಾರವಾಗಬಲ್ಲ ದುಃಖವನ್ನು ನೆಚ್ಚಿದ ಪಕ್ಷಕ್ಕೆ ಪ್ರಮಾಣಾನುಗುಣ ಪದ್ಧತಿ ಬಾಗಿಲು ತೆರೆದರೂ, ಪರಿಹಾರ ದೊರೆತ ದಿನ ಅದು ತಾನೇ ಮುಚ್ಚಿಕೊಳ್ಳುತ್ತದೆ. ಅಷ್ಟರ ಮಟ್ಟಿಗೆ ಆ ಪದ್ಧತಿ ಒಡಕನ್ನು ಬೆಳೆಸಲಿಲ್ಲ. ಒಡಕು ಬೀದಿಗೆ ಬೀಳದಂತೆ ಸಭೆಯೊಳಕ್ಕೆ ತಂದು ಕರಗಿಸಿತು.

ಉಳಿದರ್ಧವನ್ನೂ ಹೇಳಬೇಕು. ಮನೆ ಸಿಕ್ಕಿತು, ಪಿಂಚಣಿ ಸಿಕ್ಕಿತು, ಮಂತ್ರಿಪದವಿಯೂ ಸಿಕ್ಕಿತು. ಆದರೆ ಪೂರ್ವ ಪ್ರಶ್ಯದಿಂದ ಬಂದವರು ಬಾಯಲ್ಲಿ ಹೊತ್ತು ತಂದಿದ್ದ ಆಡುಮಾತು, ಹಳ್ಳಿಗರ ಕೆಳಜರ್ಮನ್ ನುಡಿ, ಒಂದೆರಡು ತಲೆಮಾರುಗಳಲ್ಲಿ ಕಣ್ಮರೆಯಾಗುವ ಸ್ಥಿತಿಗೆ ಬಂದಿತು. ಅದನ್ನಾಡುವ ಊರೇ ಇಲ್ಲವಾಯಿತು, ಕಲಿಸುವ ಶಾಲೆ ಎಂದೂ ಇರಲಿಲ್ಲ. ಹದಿನೈದು ಮಂದಿ ಶಾಸಕರೂ ಇಬ್ಬರು ಕೇಂದ್ರಮಂತ್ರಿಗಳೂ ಅಜ್ಜಿಯ ಮಾತನ್ನು ಮೊಮ್ಮಗನ ಬಾಯಿಗೆ ದಾಟಿಸಲಾರದೆ ಹೋದರು.

ಡೇನರ ಸಂಗತಿ ಇದಕ್ಕೆ ವ್ಯತಿರಿಕ್ತ. ಅವರಿಗೆ ಮಂತ್ರಿಪದವಿ ಬಹುಕಾಲ ದೊರೆಯಲಿಲ್ಲ. ೨೦೧೨ರಲ್ಲಿಯೇ ಅವರ ಸಂಘದವರೊಬ್ಬರು ಕೀಲಿನಲ್ಲಿ ಮಂತ್ರಿಯಾದದ್ದು. ೧೯೬೨ರಲ್ಲಿ ಅವರ ಬಲ ಶೇಕಡ ೨.೩, ಒಂದೇ ಸ್ಥಾನ. ಆದರೆ ಫ್ಲೆನ್ಸ್‌ಬರ್ಗಿನಲ್ಲಿ ೧೮೬೯ರಿಂದ ನಡೆದುಬಂದ ಡೇನಿಷ್ ದಿನಪತ್ರಿಕೆಯಿತ್ತು. ೧೯೨೦ರಷ್ಟು ಹಳೆಯ ಪ್ರೌಢಶಾಲೆಯಿತ್ತು. ಶಿಶುವಿಹಾರಗಳಿದ್ದವು, ಪುಸ್ತಕಾಲಯಗಳಿದ್ದವು, ಚರ್ಚುಗಳಿದ್ದವು. ನಾಯಕರು ಪಕ್ಷ ಬಿಟ್ಟರೂ ಇವು ಬಿಟ್ಟುಹೋಗುವಂಥವಲ್ಲ. ಫ್ರೀಸಿಯನ್ ನುಡಿಯವರನ್ನೂ ಜೊತೆಗೆ ಸೇರಿಸಿಕೊಂಡು ನಡೆದ ಈ ಸಂಘ ೨೦೨೧ರಲ್ಲಿ ಜರ್ಮನಿಯ ಸಂಸತ್ತಿಗೆ ಒಬ್ಬ ಸದಸ್ಯನನ್ನು ಕಳುಹಿಸಿತು. ೨೦೨೨ರ ರಾಜ್ಯ ಚುನಾವಣೆಯಲ್ಲಿ ಶೇಕಡ ೫.೭ ಮತಗಳನ್ನು ಪಡೆಯಿತು. ಎಂದರೆ ವಿನಾಯಿತಿಯ ಊರುಗೋಲಿಲ್ಲದೆಯೇ ಹೊಸ್ತಿಲನ್ನು ದಾಟಿತು. ಸ್ಥಾನದಿಂದ ಶಾಲೆ ಉಳಿಯಿತೆನ್ನುವುದಕ್ಕಿಂತ ಶಾಲೆಯಿಂದ ಸ್ಥಾನ ಉಳಿಯಿತೆನ್ನುವುದು ಹೆಚ್ಚು ಸರಿಯಾದೀತು.

೭

ಈಗ ನಮ್ಮ ಮನೆಯ ಮಾತು. ನಮ್ಮ ಸಂವಿಧಾನಸಭೆಯಲ್ಲಿ ೧೯೪೯ರ ಜನವರಿಯಲ್ಲಿ ಲೋಕಸಭೆಗೆ ಪ್ರಮಾಣಾನುಗುಣ ಪದ್ಧತಿ ಬೇಕೆಂಬ ತಿದ್ದುಪಡಿಯನ್ನು ಕಾಜಿ ಸೈಯದ್ ಕರೀಮುದ್ದೀನರು ಮಂಡಿಸಿದ್ದರು. ಡಾ. ಅಂಬೇಡ್ಕರರು ಅದನ್ನು ಒಪ್ಪಲಿಲ್ಲ. ಅಕ್ಷರಸ್ಥರು ವಿರಳವಾಗಿರುವ ದೇಶದಲ್ಲಿ ಈ ಪದ್ಧತಿ ನಡೆಯದೆಂಬುದೂ, ಸ್ಥಿರವಾದ ಸರಕಾರಕ್ಕೆ ಇದು ಅಡ್ಡಿಯೆಂಬುದೂ ಅವರ ಮುಖ್ಯ ಕಾರಣಗಳಾಗಿದ್ದವು. ರಾಜ್ಯಸಭೆಯ ಚುನಾವಣೆಯಲ್ಲಿ ಮಾತ್ರ, ಶಾಸಕರೇ ಮತದಾರರಾದ್ದರಿಂದ, ಅದರ ಒಂದು ಬಗೆ ಉಳಿಯಿತು. ಮೊದಲ ಕಾರಣ ಕಾಲಕ್ರಮದಲ್ಲಿ ಸವೆದಿದೆ. ಎರಡನೆಯದನ್ನು ಕುರಿತು ಶ್ಲೇಸ್ವಿಗ್-ಹೋಲ್‌ಸ್ಟೈನಿನ ಅನುಭವ ಅಷ್ಟು ನಿರಾಶೆಯದಲ್ಲವೆಂಬುದನ್ನು ಮೇಲೆ ಕಂಡೆವು. ಆದುದರಿಂದ ಆ ಪದ್ಧತಿಯನ್ನು ಕುರಿತ ಚರ್ಚೆಯನ್ನು ಮುಗಿದ ಅಧ್ಯಾಯವೆಂದು ನಾನು ಹೇಳುವುದಿಲ್ಲ.

ಆದರೆ ಹೊರನಾಡ ಕನ್ನಡಿಗನು ಅದರಿಂದ ತನ್ನ ನುಡಿಗೆ ಏನನ್ನು ನಿರೀಕ್ಷಿಸಬಹುದು? ನಾವು ನಿರ್ವಾಸಿತರಲ್ಲ. ಮುಂಬಯಿಗೋ ಪುಣೆಗೋ ಚೆನ್ನೈಗೋ ನಮ್ಮನ್ನು ಯಾರೂ ಅಟ್ಟಲಿಲ್ಲ. ಹೊಟ್ಟೆಪಾಡಿಗಾಗಿ, ಓದಿಗಾಗಿ, ಏಳಿಗೆಗಾಗಿ ಬಂದೆವು. ಊರಿನಲ್ಲಿ ನಮ್ಮ ಮನೆಯ ಬಾಗಿಲು ಮುಚ್ಚಿಲ್ಲ. ಗಡಿನಾಡಿನವರಂತೆ ಈ ನೆಲವೇ ನಮ್ಮದೆಂದು ಹೇಳುವ ಹಕ್ಕೂ ನಮಗಿಲ್ಲ. ಕೀಲಿನ ಆ ಎರಡು ಗುಂಪುಗಳಲ್ಲಿ ನಾವು ಯಾವುದಕ್ಕೂ ಪೂರ್ತಿ ಸೇರಿದವರಲ್ಲ. ೧೯೬೦ರ ದಶಕದಲ್ಲಿ ಮುಂಬಯಿಯಲ್ಲಿ ದಕ್ಷಿಣದವರ ವಿರುದ್ಧ ಕೂಗೆದ್ದಾಗ, ಬಂದವನನ್ನು ಹೊರೆಯೆಂದು ಕಾಣುವ ಕಣ್ಣಿನ ಬಿಸಿ ನಮಗೂ ತಟ್ಟಿತು. ಹಾಗೆಂದು ಆ ನೆನಪೊಂದನ್ನೇ ಬಂಡವಾಳ ಮಾಡಿಕೊಂಡು ಕನ್ನಡಿಗರ ಪ್ರತ್ಯೇಕ ಪಕ್ಷವನ್ನೋ ಮತಗಳ ಗಂಟನ್ನೋ ಕಟ್ಟಿದರೆ, ಕ್ರಾಫ್ಟನ ಪಕ್ಷದ ಗತಿಯೇ ಅದರ ಗತಿಯೂ ಆಗುವುದು. ನೀರು, ಬಾಡಿಗೆ, ಕೂಲಿ, ಆಸ್ಪತ್ರೆ ಇವು ನುಡಿಯ ಪ್ರಶ್ನೆಗಳಲ್ಲ. ಅವುಗಳಲ್ಲಿ ನಮ್ಮ ಹಿತವೂ ಚಾಳಿನ ಪಕ್ಕದ ಮನೆಯ ಮರಾಠಿಯವನ ಅಥವಾ ತಮಿಳನ ಹಿತವೂ ಒಂದೇ. ಅವನೊಡನೆ ನಿಂತು ಮತ ಹಾಕುವುದೇ ನ್ಯಾಯ.

ನುಡಿಯ ಪ್ರಶ್ನೆಯಲ್ಲಿ ಮಾತ್ರ ನಾವು ಡೇನರ ಸಾಲಿನವರು. ಅಲ್ಲಿಯೂ ಒಂದು ವ್ಯತ್ಯಾಸವುಂಟು: ಅವರ ಬೆನ್ನಿಗೆ ಒಂದು ರಾಷ್ಟ್ರ ನಿಂತು ಒಪ್ಪಂದ ಮಾಡಿಕೊಟ್ಟಿತು. ನಮಗಿರುವುದು ಸಂವಿಧಾನದ ೨೯, ೩೦ನೆಯ ವಿಧಿಗಳು. ೧೯೫೬ರಲ್ಲಿ ಸೇರಿಸಿದ ೩೫೦-ಎ ಮತ್ತು ೩೫೦-ಬಿ ವಿಧಿಗಳು. ತಾಯ್ನುಡಿಯಲ್ಲಿ ಪ್ರಾಥಮಿಕ ಶಿಕ್ಷಣಕ್ಕೆ ಸೌಕರ್ಯ, ನಮ್ಮದೇ ಶಾಲೆಗಳನ್ನು ನಡೆಸುವ ಹಕ್ಕು, ಭಾಷಾ ಅಲ್ಪಸಂಖ್ಯಾತರ ದೂರುಗಳನ್ನು ವಿಚಾರಿಸಲು ಒಬ್ಬ ಅಧಿಕಾರಿ, ಇಷ್ಟು. ಇವುಗಳಲ್ಲಿ ಶಾಸನಸಭೆಯ ಸ್ಥಾನವಿಲ್ಲ. ಆದರೆ ಸ್ಥಾನ ಕೊಡಲಾರದುದನ್ನು ಕೊಡುವ ಸಾಧನಗಳಿವೆ. ಹೋಟೆಲಿನಲ್ಲಿ ಹಗಲೆಲ್ಲ ದುಡಿದ ಹುಡುಗರಿಗಾಗಿ ಮುಂಬಯಿಯಲ್ಲಿ ನಮ್ಮ ಹಿರಿಯರು ನಡೆಸಿದ ಕನ್ನಡ ರಾತ್ರಿಶಾಲೆಗಳು ಯಾವ ಚುನಾವಣೆಯ ಫಲವೂ ಅಲ್ಲ. ಅಂಥ ಶಾಲೆಗಳಲ್ಲಿ ಅನೇಕವು ಮುಚ್ಚಿದ್ದೂ ಯಾವ ಚುನಾವಣೆಯ ಸೋಲಿನಿಂದಲ್ಲ. ನಾವು ನಮ್ಮ ಮಕ್ಕಳನ್ನು ಅಲ್ಲಿಗೆ ಕಳುಹಿಸದೆ ಹೋದುದರಿಂದ.

ಈ ಮಾತು ಕಹಿಯಾದುದು. ನನ್ನ ಮನೆಗೂ ಅನ್ವಯಿಸುವ ಮಾತಾದ್ದರಿಂದ ಹೇಳುವ ಧೈರ್ಯ ಮಾಡಿದ್ದೇನೆ. ಸಂಖ್ಯೆಗೆ ತಕ್ಕ ಪ್ರಾತಿನಿಧ್ಯವನ್ನು ಕೇಳುವ ಮೊದಲು, ಹಾಗೆ ಎಣಿಸುವವನು ನಮ್ಮ ಮನೆಗೆ ಬಂದರೆ ಯಾರನ್ನು ಎಣಿಸಬೇಕೆಂದು ಯೋಚಿಸಬೇಕಾಗಿದೆ. ಕನ್ನಡಿಗನೆಂದು ಹೇಳಿಕೊಂಡವನನ್ನು ಯಾರೂ ಪ್ರಶ್ನಿಸಬಾರದೆಂಬ ನಿಯಮ ನಮಗೂ ಬರಲಿ. ಆದರೆ ಹೇಳಿಕೊಳ್ಳುವವರು ಮುಂದಿನ ತಲೆಮಾರಿನಲ್ಲಿಯೂ ಇರಬೇಕು. ಶ್ಲೇಸ್ವಿಗ್-ಹೋಲ್‌ಸ್ಟೈನಿನ ಚುನಾವಣೆ ತಿಳಿಸುವ ಪಾಠ ಇದು: ಕಷ್ಟಕ್ಕೆ ಮತಪೆಟ್ಟಿಗೆಯಲ್ಲಿ ಪರಿಹಾರವುಂಟು, ಅದನ್ನು ಬಿಡಬಾರದು, ನುಡಿಯ ಉಳಿವು ಮನೆಯಲ್ಲಿಯೂ ಶಾಲೆಯಲ್ಲಿಯೂ ಆಗಬೇಕಾದ ಕೆಲಸ, ಅದನ್ನು ಮತಪೆಟ್ಟಿಗೆಗೆ ವಹಿಸಿ ಕೈತೊಳೆದುಕೊಳ್ಳಬಾರದು.